ಹಿಟ್ಟಿನ ಡಬ್ಬಿ ಮ್ಯಾಲ ಕರೆಮ್ಮ

ಕರೆಮ್ಮನ ಹೊಟ್ಟಿಯೊಳಗ ಒಂದು ಮಾತು ಒಂದು ತಾಸು ನಿಂತಿದ್ದರ ಊರವರು ಶಾಲು ಹೊಚ್ಚಿ ಸನ್ಮಾನ ಮಾಡ್ತಿದ್ದರು. ಶಹಾಪುರ ತಾಲೂಕಿನಾಗ, ಶಿರವಾಳ ದಾಟಿ ಸ್ವಲ್ಪ ಮುಂದ ಹೋದರ ಆಕಿ ಊರು. ಗಂಡ ತೀರಿಕೊಂಡು ಹತ್ತು ವರ್ಷ ಆಗ್ಯಾದ, ಕೂಲಿನಾಲಿ ಮಾಡಿ ಬದುಕಾಕಿ. ಹತ್ತಿ ಬಿಡಸಾಕ ಹೋದರ ಆಕಿ ಮಗ್ಗಲಿನ ಸಾಲು ಹಿಡಿಯಾಕ ಹೆಣಮಕ್ಕಳು ಜಗಳಾಡ್ತಿದ್ದರು. ಯಾರ ಸೊಸಿ ಮುನಿಸ್ಯಾಳ, ಯಾರ ಎಮ್ಮಿ ಗಬ್ಬ ಆಗ್ಯಾದ, ಎಲ್ಲಾ ಆಕಿ ಬಾಯಾಗೇ ಮೊದಲು.

ಆ ಬಾಯಿಂದಲೇ ಮಗಳು ಭಾಗ್ಯನ ಸಂಬಂಧ ಮುರೀತು. ಹತ್ತಿಕುಣಿಯಿಂದ ಒಂದು ಗಂಡು ಬಂದು ನೋಡಿ ಹೋಗಿತ್ತು. ಮರುದಿನ ಯಾದಗಿರಿ ಬಸ್ಸಿನಾಗ ಮಗ್ಗಲಿಗಿ ಕುಂತ ಹೆಂಗಸಿನ ಮುಂದ ಕರೆಮ್ಮ, ಹುಡುಗ ಛಲೋ ಇದ್ದಾನ, ಮೂಗು ಮಾತ್ರ ನಮ್ಮ ಹುಡುಗಿ ಮನಸ್ಸಿಗಿ ಬಂದಿಲ್ಲ ಅಂತ ಬಿಡಿಸಿ ಹೇಳಿದಳು. ಆ ಹೆಂಗಸು ಹುಡುಗನ ಖಾಸಾ ಸೋದರತ್ತಿ ಆಗಬೇಕಾ! ಅಂದಿನಿಂದ ಭಾಗ್ಯ ಅವ್ವನ ಮುಂದ ಮನಸ್ಸು ಬಿಚ್ಚೋದು ಬಿಟ್ಟಳು. ಸೈದಾಪುರದ ಕಡಿಗಿ ಒಂದು ಫ್ಯಾಕ್ಟರ್ಯಾಗ ಕೆಲಸಕ್ಕ ಹೋಗ್ತಿದ್ದಳು, ವಾರಕ್ಕೊಮ್ಮೆ ಬರ್ತಿದ್ದಳು. ಊಟ ಆತು, ನೀರು ಕಾದಾವ, ಅಷ್ಟೇ ಮಾತು. ಊರೆಲ್ಲಾ ತನ್ನ ಮುಂದ ಹೇಳಿಕೊಂಡರೂ ಹೆತ್ತ ಮಗಳು ಹೇಳವಲ್ಲಳು ಅಂತ ಕರೆಮ್ಮಗ ಸಂಕಟ ಆಗ್ತಿತ್ತು.

ಹಿಂತಾದ್ರಾಗ ದೀಪಾವಳಿ ಮುಗದ ಮ್ಯಾಲ ಊರಿಗಿ ಇಪ್ಪತ್ತು ಮಂದಿ ಜವಾನರು ಬಂದರು. ಮುಂದ ಅವರನ್ನ ದೂರದ ಅಡವಿ ನಾಡಿಗಿ ಕಳಸ್ತಾರಂತ. ಅಲ್ಲಿ ಬಂದೂಕು ಹಿಡಿದವರು ಹಳ್ಳಿ ಮಂದಿ ನಡುವ ಅಡಗಿರ್ತಾರ, ಅದಕ್ಕ ಜವಾನರೂ ಹಳ್ಳ್ಯಾಗೇ ಇದ್ದು, ಮಂದಿ ಜೋಡಿ ಉಂಡು, ದುಡದು, ಭರೋಸಾ ಗಳಿಸಬೇಕು. ಅದರ ತಾಲೀಮು ಇಲ್ಲಿ ಎಂಟು ದಿನ, ಮನಿಗಿ ಇಬ್ಬರಂಗ. ಊರಾಗ ಒಬ್ಬರ ಮನ್ಯಾಗ ಒಂದು ವಾಕಿಟಾಕಿ ಬಚ್ಚಿಟ್ಟಿರ್ತಾರ, ಮನಿ ಹೊಕ್ಕು ಹುಡುಕಿ ಝಡತಿ ಮಾಡದಂಗ, ಬರೇ ಬೆರತು ಬಾಳಿ ಅದು ಎಲ್ಲ್ಯದ ಅಂತ ಪತ್ತೆ ಹಚ್ಚಬೇಕು.

ಅವರ ಸಾಹೇಬರು ದೇವಿಕಾ ಮೇಡಮ್, ನಮ್ಮ ಸುರಪುರದ ಹೆಣಮಗಳು. ಊರಾಗ ಎಲ್ಲಾರಕಿಂತ ಬಾಯಿಬಡಕಿ ಯಾರಂತ ವಿಚಾರಿಸಿ ಸೀದಾ ಕರೆಮ್ಮನ ಮನಿಗಿ ಬಂದು ವಾಕಿಟಾಕಿ ಆಕಿ ಕೈಯಾಗಿಟ್ಟರು. ಯಾರಿಗೂ ಹೇಳಬಾರದು, ಮಗಳಿಗೂ ಹೇಳಬಾರದು ಅಂದರು. ಕರೆಮ್ಮ ಮೈಲಾಪುರ ಮಲ್ಲಯ್ಯನ ಆಣಿ ಮಾಡಿದಳು. ಇದೊಂದು ಮಾತು ಹೊಟ್ಟ್ಯಾಗ ಇಟಗೊಂಡರ ಭಾಗ್ಯ ತನ್ನ ನಂಬತಾಳ ಅಂತ ಆಕಿಗಿ ಹೊಳದಿತ್ತು. ಪ್ಲಾಸ್ಟಿಕ್ ಸುತ್ತಿ ಜ್ವಾಳದ ಹಿಟ್ಟಿನ ಡಬ್ಬಿ ತಳಕ್ಕ ಹುಗದಳು.

ಆದರ ಆಕಿ ಲೆಕ್ಕ ತಪ್ಪಿತ್ತು. ಒಂಟಿ ಹೆಣಮಗಳಿಗಿ ತಿಂಗಳು ಬರೋ ಡಬ್ಬಿ ಅದು. ಆಕಿ ಪಾಲಿಗಿ ಬಂದವರು ಹರಿಯಾಣದ ಒಬ್ಬ ಆಳೆತ್ತರದವ, ಇನ್ನೊಬ್ಬ ನಾರಾಯಣಪೇಟ ಕಡಿಯ ಬಾಲರಾಜ, ಕನ್ನಡ ಬರ್ತಿತ್ತು. ಬಿಸಿ ರೊಟ್ಟಿ, ಪುಂಡಿಪಲ್ಯದ ರುಚಿ ಹತ್ತಿತು ನೋಡ್ರಿ, ಕುಂತರ ಏಳವಲ್ಲರು. ಮೂರನೇ ದಿನಕ್ಕ ಹಿಟ್ಟು ಅರ್ಧಕ್ಕಿಳೀತು. ತಳ ಕಂಡೀತಂತ ಕರೆಮ್ಮ ಬಾಜೂ ಮನಿ ಖುರ್ಷೀದಬೇಗಂ ಕಡಿಂದ ಸೆರಗಿನಾಗ ಹಿಟ್ಟು ಕಡ ತಂದು ಸುರವಿದಳು. ಮರುದಿನ ಮತ್ತ ಹೋದಳು. ಆ ಜವಾನರು ರೊಟ್ಟಿ ತಿಂತಾರೋ ಗೋಡಿಗಿ ಬಳಿತಾರೋ ಅಂತ ಖುರ್ಷೀದಬೇಗಂ ಬೆರಗಾದಳು.

ಇನ್ನ ಬಾಯಿ ಸುಮ್ಮನಿರಬೇಕಲ್ಲ! ಆ ಒಂದು ಮಾತು ಹೊರಗ ಬರಬಾರದಂತ ಕರೆಮ್ಮ ಉಳಿದ ಮಾತೆಲ್ಲಾ ಎರಡರಷ್ಟು ಆಡಿದಳು. ಏನರ ಸುಳಿವು ಸಿಕ್ಕೀತಂತ ಬಾಲರಾಜ ಪಾಪ ಎಲ್ಲಾ ಬರಕೊಂಡ, ಮೂರು ನೋಟುಬುಕ್ಕು ತುಂಬಿದವು.

ಆರನೇ ದಿನ ಆಕಿ ಹೊಲದಿಂದ ಬಂದು ನೋಡತಾಳ, ಬಾಲರಾಜ ಒಲಿ ಹಚ್ಚಿ, ತೋಳು ಏರಿಸಿ, ಡಬ್ಬಿ ಮುಚ್ಚಳಕ್ಕ ಕೈ ಹಾಕ್ಯಾನ. ಮನಿ ಮಂದಿಗಿ ಕೆಲಸದಾಗ ಕೈಗೂಡಿಸಬೇಕಂತ ಹುಕುಂ ಆಗ್ಯಾದಂತ. "ಇವತ್ತ ಹಿಟ್ಟು ನಾನೇ ನಾದತೀನಮ್ಮಾ, ನೀವು ಕುಂದರ್ರಿ" ಅಂದ. ಕುಂದರ್ರಿ ಅಂದದ್ದೇ ತಡ, ಕರೆಮ್ಮ ಆತನ ಕೈ ಸರಿಸಿ ಡಬ್ಬಿ ಮ್ಯಾಲೇ ಕುಂತಳು.

ಕುಂತಾಕಿ ಎದ್ದರ ಹೆಂಗ? ಮಾತು ಚಾಲೂ ಮಾಡಿದಳು. ತನ್ನ ಮದುವ್ಯಾಗ ಬಾಜಾದವರು ಬ್ಯಾರೆ ಮನಿಗಿ ಹೋಗಿ ಬಾರಿಸಿದ್ದು, ಖುರ್ಷೀದಬೇಗಂನ ಆಡು ರೇಷನ್ ಕಾರ್ಡು ಮೆದ್ದದ್ದು, ಎಲ್ಲಾ ಬಂತು. ನಕ್ಕು ನಕ್ಕು ಹರಿಯಾಣದವಗ ಹೊಟ್ಟಿ ಹಿಡೀತು, ಭಾಷಾ ಒಂದಕ್ಷರ ತಿಳೀದಿದ್ದರೂ. ಎರಡು ತಾಸಿಗಿ ಒಲಿ ಆರಿತು. ಅಷ್ಟರಾಗ ಖುರ್ಷೀದಬೇಗಂ ಹಿಟ್ಟು ಕಡ ಕೊಟ್ಟು ಕೊಟ್ಟು ಸೋತು ತಾನೇ ಎಂಟು ರೊಟ್ಟಿ ತಂದಿಟ್ಟಳು.

ಎಂಟನೇ ದಿನ ಸಾಲಿ ಮುಂದ ಊರು ಕೂಡಿತು. ಭಾಗ್ಯಗೂ ಅವತ್ತ ರಜಾ ಇತ್ತು, ಹಿಂದ ನಿಂತಿದ್ದಳು. ವಾಕಿಟಾಕಿ ಯಾರ ಮನ್ಯಾಗದ ಅಂತ ಕೇಳಿದರ ಇಪ್ಪತ್ತೂ ಜವಾನರು ಸಾಲಿ ತಾಯಪ್ಪ ಮಾಸ್ತರನ ಕಡಿ ಬಟ್ಟು ತೋರಿಸಿದರು, ಎಂಟು ದಿನದಾಗ ಆತ ಒಂದು ಮಾತೂ ಆಡಿದ್ದಿಲ್ಲ. ಖರೇ ಅಂದರ ಆತ ಹಲ್ಲಿನ ಸೆಟ್ಟು ರಿಪೇರಿಗಿ ಶಹಾಪುರಕ್ಕ ಕೊಟ್ಟಿದ್ದ, ಬಾಯಿ ತೆಗಿಯಾಕ ನಾಚಿಕಿ. ದೇವಿಕಾ ಮೇಡಮ್ ಕರೆಮ್ಮನ ಕರದರು. ಆಕಿ ಡಬ್ಬಿ ಹೊತ್ತು ಬಂದು ಮೊಣಕೈ ತನಕ ಕೈ ಹಾಕಿ ವಾಕಿಟಾಕಿ ಎತ್ತಿದಳು. ಬಾಲರಾಜ ನೋಟುಬುಕ್ಕು ಹಿಂದ ಮುಚ್ಚಿಟಗೊಂಡ.

"ಈಕಿ ಹೇಳಿದ್ದೆಲ್ಲಾ ಬರಕೊಂಡ್ರಿ," ಅಂದರು ಮೇಡಮ್. "ಎರಡು ತಾಸು ಡಬ್ಬಿ ಮ್ಯಾಲ ಕುಂತದ್ದೂ ಬರದೀರಿ, ಯಾಕ ಕುಂತಾಳಂತ ಒಬ್ಬರೂ ಕೇಳಲಿಲ್ಲ."

ಕರೆಮ್ಮಗ ಆ ಹೊಗಳಿಕಿ ಕಿವಿಗಿ ಬೀಳಲಿಲ್ಲ. ಆಕಿ ಕಣ್ಣು ಮಗಳ ಮ್ಯಾಲಿತ್ತು. ಭಾಗ್ಯ ಬಾಯಿ ತೆರದು ಅವ್ವನ್ನೇ ನೋಡಾಕತ್ತಿದ್ದಳು.

ಅವತ್ತ ಮಧ್ಯಾಹ್ನ ಜವಾನರ ಲಾರಿ ಹೋದ ಮ್ಯಾಲ ಭಾಗ್ಯ ಬಾಗಿಲಾ ಮುಂದ ಮಾಡಿ, ಅವ್ವನ ಮಗ್ಗಲಿಗಿ ಕುಂತು, ಕಿವಿಗಿ ಬಾಯಿ ಹಚ್ಚಿ ಬಹಳ ಹೊತ್ತು ಏನೋ ಹೇಳಿದಳು. ಕರೆಮ್ಮ ಒಮ್ಮೆ ನಕ್ಕಳು, ಒಮ್ಮೆ ಕಣ್ಣೊರಸಿಕೊಂಡಳು.

ಮರುದಿನ ಹತ್ತಿ ಹೊಲದಾಗ ಮಗ್ಗಲಿನ ಸಾಲಿನ ಅಂಬವ್ವ ತಡೀಲಾರದ ಕೇಳೇಬಿಟ್ಟಳು, ಬಾಗಿಲಾ ಮುಚಗೊಂಡು ಮಗಳು ಏನು ಹೇಳಿದಳು ಅಂತ. ಸಾಲಿನಾಗಿದ್ದವರೆಲ್ಲಾ ಕೈ ಬಿಟ್ಟು ನಿಂತರು.

"ಪಲ್ಯಾಕ ಉಪ್ಪು ಕಡಿಮಿ ಆಗ್ಯಾದ ಅಂದಳು," ಅಂತ ಕರೆಮ್ಮ ಬಗ್ಗಿ ಹತ್ತಿ ಬಿಡಸಾಕತ್ತಿದಳು.