ಗುತ್ತೆವ್ವ ಜಡೆಗೆ ಕಟ್ಟಿದ ದಾರ

ಕದರಮಂಡಲಗಿಯ ಗುತ್ತೆವ್ವನ ಕೈಚಳಕ ರಾಣೇಬೆನ್ನೂರು ಕಡೆಯ ಬೀಜದ ಹೊಲಗಳಲ್ಲೆಲ್ಲ ಹೆಸರುವಾಸಿ. ಸಂಜೆ ಹತ್ತಿಯ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯುವುದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ಸವರುವುದು, ಮುಗಿದ ಹೂವಿಗೆ ದಾರ ಕಟ್ಟುವುದು. ಇದಕ್ಕೆ ಅಲ್ಲಿಯವರು ಕ್ರಾಸಿಂಗ್ ಎನ್ನುತ್ತಾರೆ. ಉಳಿದ ಹೆಂಗಸರು ಒಂದು ಸಾಲು ಮುಗಿಸುವಷ್ಟರಲ್ಲಿ ಗುತ್ತೆವ್ವ ಎರಡನೆಯದರ ನಡುವೆ ಇರುತ್ತಾಳೆ. ಊಟಕ್ಕೆ ಕೂತರೂ ಅವಳ ಕಾಲು ಸುಮ್ಮನಿರುವುದಿಲ್ಲ.

ಇಂಥವಳನ್ನು ಹೈರಾಣ ಮಾಡಿದ್ದು ನಾಲ್ಕನೆಯ ತರಗತಿಯ ಮಗಳು ಪ್ರಿಯಾಂಕಾ. ಪಾಠದ ನಡುವೆ ಎದ್ದು ಕಿಟಕಿಗೆ ಹೋಗುತ್ತಾಳೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾಳೆ. ಬರೆಯಲು ಕೂರಿಸಿದರೆ ಎರಡೇ ಸಾಲಿಗೆ ಪೆನ್ಸಿಲ್ ನೆಲಕ್ಕೆ. ಆದರೆ ಇರುವೆಯ ಸಾಲು ನೋಡುತ್ತ ಕೂತರೆ ಊಟಕ್ಕೆ ಕರೆದದ್ದೂ ಕೇಳುವುದಿಲ್ಲ. ಗುತ್ತೆವ್ವನಿಗೆ ಮೈ ಉರಿಯುತ್ತಿದ್ದದ್ದೇ ಇದಕ್ಕೆ. ಮನಸ್ಸು ಮಾಡಿದರೆ ಆಗುತ್ತದಲ್ಲ, ಹಾಗಾದರೆ ಇದು ಸೊಕ್ಕಲ್ಲದೆ ಮತ್ತೇನು?

ಅತ್ತೆ ಭರಮವ್ವ ಐದು ಶನಿವಾರ ಹನುಮಪ್ಪನ ಗುಡಿಗೆ ಕರೆದೊಯ್ದಳು. ಮೊಮ್ಮಗಳು ಪ್ರದಕ್ಷಿಣೆಯನ್ನು ಓಡಿಯೇ ಮುಗಿಸಿದಳು. ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟಳು: "ಸಾಲಿ ಬಿಡ್ಸಿಬಿಡು. ನಿನ್ನ ಜೋಡಿ ಹೊಲಕ್ಕ ಬರ್ಲಿ. ನಿನ್ನ ಕೈನ ಬಂದೈತಿ ಅದಕ್ಕ."

ಗುತ್ತೆವ್ವ ಕೊನೆಯ ಪ್ರಯತ್ನವೆಂದು ಮಗಳ ಜಡೆಯ ತುದಿಗೆ ಕ್ರಾಸಿಂಗ್ ದಾರ ಕಟ್ಟಿ, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದಳು.

"ಮಗ್ಗಿ ಬರಿ. ದಾರ ಹರದ್ರ ನಾಳಿಂದ ಸಾಲಿ ಇಲ್ಲ ನೋಡು."

ತಾಸು ಬಿಟ್ಟು ಬಂದರೆ ದಾರ ಹಾಗೇ ಇತ್ತು. ಹುಡುಗಿ ಕುತ್ತಿಗೆ ಸೆಟೆದುಕೊಂಡು, ಬೆವರಿ, ಗೊಂಬೆಯ ಹಾಗೆ ಕೂತಿದ್ದಳು. ಗುತ್ತೆವ್ವ ಹಿಗ್ಗಿನಿಂದ ನೋಟ್‌ಬುಕ್ ಎತ್ತಿಕೊಂಡಳು. ಒಂದು ಅಂಕಿಯೂ ಇರಲಿಲ್ಲ. ರೇಗಿ ಬೆನ್ನಿಗೆ ಎರಡು ಬಾರಿಸಿದಳು.

ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಬಿಡದೆ ಒತ್ತಾಯಿಸಿದ್ದಕ್ಕೆ ಮಗಳನ್ನು ಹಾವೇರಿಯ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಹುಡುಗಿಯ ಜೊತೆ ಆಡಿದರು, ಅಕ್ಕೋರು ಬರೆದುಕೊಟ್ಟದ್ದನ್ನು ಓದಿದರು, ಇನ್ನೊಮ್ಮೆ ಕರೆಸಿಕೊಂಡು ಇದು ಎ.ಡಿ.ಎಚ್.ಡಿ., ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಎಂದರು. ಗುತ್ತೆವ್ವ ತಲೆ ತಗ್ಗಿಸಿ ದಾರದ ಸಂಗತಿ ಹೇಳಿದಳು.

"ಸೊಕ್ಕಲ್ರಿ ಇದು," ಎಂದರು ಡಾಕ್ಟರು. "ಹಣಿ ಹಿಂದಿನ ಮಿದುಳು ಇರ್ತದಲ್ರಿ, ಅದು ನಮ್ಮನ್ನ ತಡೀತದ, ಯಾವುದಕ್ಕ ಲಕ್ಷ್ಯ ಕೊಡಬೇಕು ಅಂತ ಆರಿಸ್ತದ. ಇಂಥ ಮಕ್ಕಳಿಗೆ ಅದು ಬಲಿಯೂದು ತಡಾ. ಮನಸಿಗೆ ಹಿಡಿಸಿದ್ದರ ಕಡೆ ಲಕ್ಷ್ಯ ತಾನ ಹೋಗ್ತದ. ಹಿಡಿಸದ್ದರ ಕಡೆ ಎಳದು ತರೂದು ಭಾಳ ಕಷ್ಟ. ಅವತ್ತ ಅಲುಗದಂಗ ಕುಂದ್ರೂದಕ್ಕ ಇದ್ದ ಶಕ್ತಿ ಎಲ್ಲಾ ಹೋತು. ಮಗ್ಗಿಗೆ ಏನು ಉಳೀತು ಹೇಳ್ರಿ?"

ಅಂದರೆ ಕೂಸು ಮಾತು ಕೇಳದೆ ಪೆಟ್ಟು ತಿಂದದ್ದಲ್ಲ, ಕೇಳಿಯೇ ತಿಂದದ್ದು ಎಂದು ಗುತ್ತೆವ್ವನಿಗೆ ಹೊಳೆಯಿತು.

"ಸ್ವಲ್ಪ ಸ್ವಲ್ಪ ಬರಸ್ರಿ, ನಡುವ ಎದ್ದು ಓಡಾಡಾಕ ಬಿಡ್ರಿ. ಗುಳಿಗಿ ಬೇಕೋ ಬ್ಯಾಡೋ ಮುಂದ ನೋಡೂಣು. ಇದು ಮನೆತನದಾಗೂ ಬರ್ತದ. ನಿಮ್ಮೊಳಗ ಮತ್ತ ಯಾರಿಗರ ಹಿಂಗಿತ್ತೇನ್ರಿ?"

ಗಂಡನ ಕಡೆಯವರ ಹೆಸರು ಗುತ್ತೆವ್ವನ ಬಾಯಿಗೆ ಬಂದೇಬಿಟ್ಟಿತ್ತು. ಯಾವ ಸೊಸೆಗೆ ತಾನೇ ಬರುವುದಿಲ್ಲ! ಆದರೆ ಅಷ್ಟರಲ್ಲಿ ತಾನು ಕಲಿತ ಮೂರನೆಯ ತರಗತಿ ಕಣ್ಣಿಗೆ ಕಟ್ಟಿತು. ಸುಮ್ಮನೆ ಕೂರುವುದಿಲ್ಲವೆಂದು ಅವಳನ್ನು ದಿನವೂ ಹೊರಗೆ ನಿಲ್ಲಿಸುತ್ತಿದ್ದರು. 'ಇದರ ತಲಿಗೆ ಅಕ್ಷರ ಹತ್ತೂದಿಲ್ಲ' ಎಂದು ಅಪ್ಪ ಶಾಲೆ ಬಿಡಿಸಿ ಹೊಲಕ್ಕೆ ಕಳಿಸಿದ. ಇಪ್ಪತ್ತೈದು ವರ್ಷ ಅವಳೂ ಅದನ್ನೇ ನಂಬಿದ್ದಳು. ಬ್ಯಾಡಗಿಯ ನಿಲ್ದಾಣದಲ್ಲಿ ಬಸ್ಸಿನ ಬೋರ್ಡು ಓದಿಸಿಕೊಳ್ಳಲು ಯಾರನ್ನಾದರೂ ಹುಡುಕುವಾಗಲೆಲ್ಲ ತಾನು ದಡ್ಡಿ ಎಂದೇ ಅಂದುಕೊಳ್ಳುತ್ತಿದ್ದಳು.

"ನನಗ ಇತ್ರಿ," ಎಂದಳು. ಅಷ್ಟು ಹೇಳಿದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತಳು. ಮೇಜಿನ ಮೇಲಿನ ಗಂಟೆ ಬಾರಿಸುತ್ತಿದ್ದ ಪ್ರಿಯಾಂಕಾ ಓಡಿಬಂದು ಅವ್ವನ ಸೆರಗಿನಿಂದಲೇ ಅವ್ವನ ಕಣ್ಣು ಒರೆಸಿದಳು.

ಮನೆಗೆ ಬಂದಾಗ ಭರಮವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. "ಏನಂದ್ರು? ಸೋಮವಾರದಿಂದ ಹೊಲಕ್ಕ ಕರಕೊಂಡು ಹೋಗ್ತೀಯಿಲ್ಲೋ?"

ಮದುವೆಯಾಗಿ ಬಂದ ಹದಿಮೂರು ವರ್ಷದಲ್ಲಿ ಗುತ್ತೆವ್ವ ಅತ್ತೆಗೆ ಒಂದು ಸಲವೂ ಎದುರಾಡಿದವಳಲ್ಲ. ಚೀಲ ಕೆಳಗಿಟ್ಟಳು.

"ನನ್ನ ಸಾಲಿ ಬಿಡಸಿದ ದಿನ ನಮ್ಮವ್ವ ಬಾಗಲದಾಗ ನಿಂತು ನೋಡಿದ್ಲು. ಒಂದು ಮಾತೂ ಆಡಲಿಲ್ಲ. ನಾ ಆಡ್ತೇನಿ, ಅತ್ತೀ. ಪ್ರಿಯಾಂಕಾ ಸಾಲಿ ಬಿಡೂದಿಲ್ಲ."