ಕಡಲನ್ನು ತಡೆಯುವ ಮೇಣ

ಬೋಳಾರದ ದೂಮಪ್ಪ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಕಡಲಿಗೆ ಹೋಗದವರು. ದೋಣಿ ಅಳಿವೆ ದಾಟುವ ಮೊದಲೇ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಕೆಲವು ವರ್ಷ ಕಾದು ನೋಡಿದ ತಂದೆ, "ಇವನು ದಡದ ಜೀವ" ಎಂದು ತಗಡಿನ ಕೆಲಸ ಕಲಿಯಲು ಕಳುಹಿಸಿದರು. ಆ ಹೆಸರು ಕೇರಿಯಲ್ಲಿ ಉಳಿದುಬಿಟ್ಟಿತು. ಮೀನುಗಾರರ ಸಭೆಯಲ್ಲಿ ಅವರು ಮಾತಾಡಲು ಬಾಯಿ ತೆರೆದರೆ, "ದಡದ ಜೀವಕ್ಕೆ ಬಲೆಯ ವಿಷಯ ಎಂತಕ್ಕೆ?" ಎಂದು ಯಾರಾದರೂ ನಗುತ್ತಿದ್ದರು.

1934ರಲ್ಲಿ ಅವರಿಗೆ ನಲವತ್ತಾರು ವರ್ಷ. ಮಂಗಳಾದೇವಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಅಂಗಡಿ. ಚಿಮಿಣಿ ದೀಪ, ಆಲಿಕೆ, ಎಣ್ಣೆಯ ಅಳತೆಪಾತ್ರೆ, ನೀರಿನ ಡಬ್ಬಿ ಮಾಡುತ್ತಿದ್ದರು. ನಾನು ಆಗ ಕಾಲೇಜಿನ ರಸಾಯನ ಪ್ರಯೋಗಶಾಲೆಯಲ್ಲಿ ಸಹಾಯಕ. ಅಲ್ಲಿನ ತಗಡಿನ ತೊಟ್ಟಿಗಳೆಲ್ಲ ಅವರ ಕೈಯವು. ಏಳು ವರ್ಷಗಳಲ್ಲಿ ಒಂದೂ ಸೋರಿರಲಿಲ್ಲ. ಅದಕ್ಕೆ ಕಾರಣ ಅವರ ಪರೀಕ್ಷೆಯ ಕ್ರಮ. ಪಾತ್ರೆಯ ಬೆಸುಗೆಯ ಹೊರಗಡೆ ಸುಣ್ಣ ಬಳಿದು ಒಣಗಿಸಿ, ಒಳಗೆ ನೀರು ತುಂಬಿ, ಒಂದು ಹಗಲು ಒಂದು ರಾತ್ರಿ ಇಡುವುದು. ಸುಣ್ಣ ಬೆಳ್ಳಗೆ ಉಳಿದರೆ ಪಾತ್ರೆ ಗಿರಾಕಿಗೆ. ಎಲ್ಲಾದರೂ ಒಂದು ಕಪ್ಪು ಚುಕ್ಕೆ ಕಂಡರೆ ಮತ್ತೆ ಒಲೆಗೆ. ನಾನು ಕಂಡ ವಿದ್ಯಾರ್ಥಿಗಳಲ್ಲಿ ಇಷ್ಟು ತಾಳ್ಮೆಯವರು ಕಡಿಮೆ.

ಆ ವರ್ಷ ನವೆಂಬರಿನಲ್ಲಿ ದೇರೆಬೈಲಿನ ಆಚೆಯ ಪದವಿನಲ್ಲಿ, ಗುಡ್ಡದ ಮೇಲಿನ ಕಲ್ಲುಬಯಲಿನಲ್ಲಿ, ಒಂದು ಸಣ್ಣ ವಿಮಾನ ಇಳಿಯಿತು. ಮುಂಬಯಿಯ ಕಾಂಗಾ ಎಂಬ ಪಾರ್ಸಿ ಯುವಕ ಒಬ್ಬನೇ ಕೊಲಂಬೊವರೆಗೆ ಹಾರಿಸಿಕೊಂಡು ಹೋಗುತ್ತಿದ್ದ. ಇಳಿಯುವಾಗ ಮುರಕಲ್ಲಿಗೆ ಚಕ್ರ ಹೊಡೆದು, ಮುಂದಿನ ಸೀಟಿನ ಜಾಗದಲ್ಲಿ ಕೂರಿಸಿದ್ದ ಹೆಚ್ಚುವರಿ ಪೆಟ್ರೋಲ್ ಟ್ಯಾಂಕಿನ ತಳ ಬಿರಿದಿತ್ತು. ಅದನ್ನು ನೋಡಿ ಬಂದ ಮೋಟಾರು ಮೆಕ್ಯಾನಿಕ್ ಉಮರಬ್ಬ ನೇರ ದೂಮಪ್ಪನವರ ಅಂಗಡಿಗೆ ಬಂದರು. ಇಬ್ಬರೂ ಬಾಲ್ಯದ ಗೆಳೆಯರು; ದೂಮಪ್ಪ ಅವರನ್ನು ಸಮುದಾಯದ ಹೆಸರಿನಿಂದ ಬ್ಯಾರಿ ಎಂದೇ ಕರೆಯುತ್ತಿದ್ದರು.

"ದೂಮಣ್ಣ, ವಿಮಾನಕ್ಕೊಂದು ಡಬ್ಬಿ ಬೇಕಂತೆ."

"ಎಂತಕ್ಕೆ ಬ್ಯಾರಿ, ಅದಕ್ಕೂ ಬಾಯಾರಿಕೆ ಆಗ್ತದಾ?"

"ಆಗ್ತದೆ ಮಾರಾಯ. ಗಂಟೆಗೆ ಐದು ಗ್ಯಾಲನ್ ಕುಡೀತದೆ."

ಲೆಕ್ಕ ಸರಳವಾಗಿತ್ತು. ಮೇಲಿನ ರೆಕ್ಕೆಯ ನಡುವಿನ ಟ್ಯಾಂಕಿನಲ್ಲಿ ಹಿಡಿಯುವುದು ಹತ್ತೊಂಬತ್ತು ಗ್ಯಾಲನ್. ಸುಮಾರು ನಾಲ್ಕು ಗಂಟೆಯ ಹಾರಾಟ. ಕೊಚ್ಚಿಯವರೆಗೆ ಅದು ಧಾರಾಳ. ಆದರೆ ಕೊಚ್ಚಿಯಿಂದ ಕೊಲಂಬೊಗೆ ನಡುವೆ ಇಳಿಯದೆ, ಎದುರು ಗಾಳಿಯಲ್ಲಿ ಹಾರಬೇಕಿದ್ದರೆ ಸಾಲದು. ಹೆಚ್ಚುವರಿ ಟ್ಯಾಂಕಿನಿಂದ ಪೈಲಟ್ ಕೈಪಂಪಿನಿಂದ ಪೆಟ್ರೋಲನ್ನು ಮೇಲಿನ ಟ್ಯಾಂಕಿಗೆ ಏರಿಸಿಕೊಳ್ಳುತ್ತಿದ್ದ. ದೂಮಪ್ಪ ಹದಿನೆಂಟು ಇಂಚು ಉದ್ದ, ಹದಿನೆಂಟು ಅಗಲ, ಹದಿನೇಳು ಎತ್ತರದ ಪೆಟ್ಟಿಗೆ ಎಂದು ನಿರ್ಧರಿಸಿದರು. ನಾನು ಕಾಗದದಲ್ಲಿ ಲೆಕ್ಕ ಹಾಕಿ ನೋಡಿದೆ: ಇಪ್ಪತ್ತು ಗ್ಯಾಲನಿಗೆ ಸ್ವಲ್ಪ ಕಡಿಮೆ. ಪೆಟ್ರೋಲ್ ಅಲುಗಾಡದಂತೆ ಒಳಗೆ ಎರಡು ಅಡ್ಡ ತಗಡು.

"ಸೋರಲಿಕ್ಕಿಲ್ಲವಲ್ಲ?" ಎಂದು ಕಾಂಗಾ ಉಮರಬ್ಬನವರ ಮೂಲಕ ಕೇಳಿಸಿದ.

"ಸೋರಿದರೆ ಮೀಸೆ ಬೋಳಿಸ್ತೇನೆ ಅಂತ ಹೇಳು," ಎಂದರು ದೂಮಪ್ಪ. ಅವರದು ದಪ್ಪ ಮೀಸೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಮೂರು ದಿನಕ್ಕೆ ಟ್ಯಾಂಕ್ ತಯಾರಾಯಿತು. ಸುಣ್ಣ ಬಳಿದು ನೀರು ತುಂಬಿದರು. ಮರುದಿನ ಬೆಳಿಗ್ಗೆ ಬಲಗಡೆಯ ಹಿಂದಿನ ಮೂಲೆಯಲ್ಲಿ ಸಾಸಿವೆ ಗಾತ್ರದ ಕಪ್ಪು ಚುಕ್ಕೆ. ಸರಿಪಡಿಸಬೇಕಾದರೆ ತಳ ಬಿಚ್ಚಿ, ಅಡ್ಡ ತಗಡು ತೆಗೆದು, ಮತ್ತೆ ಬೆಸೆಯಬೇಕು. ಇನ್ನೂ ಎರಡು ದಿನ. ಕಾಂಗಾ ಹೊರಡುವುದು ಮರುದಿನ ಬೆಳಿಗ್ಗೆ. ಸುದ್ದಿ ಆಗಲೇ ಬೋಳಾರವೆಲ್ಲ ಹರಡಿತ್ತು. ಸಭೆಯ ಮುಖಂಡ, ಗುರಿಕಾರ ಗಿರಿಯಪ್ಪ ಸ್ವತಃ ಅಂಗಡಿಗೆ ಬಂದು, "ನಾಡಿದ್ದು ಹನ್ನೊಂದು ಗಂಟೆಗೆ ಸಭೆಯಲ್ಲಿ ನಿನಗೆ ಹಾರ ಹಾಕ್ತೇವೆ. ನಮ್ಮವರಲ್ಲಿ ಆಕಾಶಕ್ಕೆ ಕೈ ಹಾಕಿದವನು ನೀನೊಬ್ಬನೇ," ಎಂದು ಹೇಳಿ ಹೋಗಿದ್ದರು. ನಲವತ್ತಾರು ವರ್ಷಗಳಲ್ಲಿ ಆ ಸಭೆಯಿಂದ ದೂಮಪ್ಪನವರಿಗೆ ಬಂದ ಮೊದಲ ಒಳ್ಳೆಯ ಮಾತು ಅದು.

ನನಗೆ ಆಮೇಲೆ ತಿಳಿದಂತೆ, ಅವರು ಮನೆಗೆ ಹೋಗಿ, ಅಣ್ಣನ ದೋಣಿಗೆಂದು ಇಟ್ಟಿದ್ದ ಮೇಣದಲ್ಲಿ ಒಂದು ಉಂಡೆ ತಂದರು. ಧೂಪದ ಮರದ ರಾಳವನ್ನು ಹೊನ್ನೆಎಣ್ಣೆಯಲ್ಲಿ ಕುದಿಸಿದ ಮೇಣ ಅದು. ಹಲಗೆಯ ಸಂದಿಗೆ ತುಂಬಿದರೆ ಇಡೀ ಹಂಗಾಮು ಕಡಲು ಒಳಗೆ ಬರುವುದಿಲ್ಲ. ಬಿಸಿ ಮಾಡಿ ಆ ಮೂಲೆಗೆ ಒತ್ತಿ, ಮೇಲೆ ತೆಳುವಾಗಿ ಬಣ್ಣ ಬಳಿದರು. ಸುಣ್ಣ ಹಚ್ಚಿ ಮತ್ತೆ ನೀರು ತುಂಬಿದರು. ಸಂಜೆಗೆ ಸುಣ್ಣ ಬೆಳ್ಳಗೇ ಇತ್ತು. ಕಡಲನ್ನೇ ತಡೆಯುವುದು ಒಂದು ಡಬ್ಬಿ ಪೆಟ್ರೋಲನ್ನು ತಡೆಯದೇ ಎಂದು ಅವರು ಯೋಚಿಸಿದ್ದರು. ದೀಪ ಮಾಡುವಾಗ ಒಮ್ಮೆಯೂ ಮೇಣ ಮುಟ್ಟದ ಮನುಷ್ಯ. ಆದರೆ ಆ ದಿನ ಅವರು ತಗಡಿನವನಂತೆ ಯೋಚಿಸಲಿಲ್ಲ, ದೋಣಿಯವನಂತೆ ಯೋಚಿಸಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ವಿಮಾನ ಹೊರಟಿತು. ಪದವಿನ ಬಯಲು ಚಿಕ್ಕದು, ಭಾರ ಹೊತ್ತು ಏಳಲಾಗದು. ಹಾಗಾಗಿ ಹೊಸ ಟ್ಯಾಂಕ್ ಖಾಲಿಯೇ ಇತ್ತು. ಅದನ್ನು ತುಂಬಿಸುವುದು ಕೊಚ್ಚಿಯಲ್ಲಿ. ಅಲ್ಲಿ ಇಳಿಯುವುದೂ ಏಳುವುದೂ ತೀರದ ಮರಳಿನ ಮೇಲೆ, ನೀರಿಳಿತದ ಹೊತ್ತಿನಲ್ಲಿ. ಅದರ ಮರುದಿನದ ಇಳಿತ ನಡು ಮಧ್ಯಾಹ್ನ ಹನ್ನೆರಡಕ್ಕೆ. ಇದನ್ನು ಕಾಂಗಾನಿಗೆ ಲೆಕ್ಕ ಹಾಕಿ ಹೇಳಿದವರೇ ದೂಮಪ್ಪ.

ಆ ಮರುದಿನ ಬೆಳಿಗ್ಗೆ ಉಮರಬ್ಬ ಅಂಗಡಿಗೆ ಬಂದು ತಮ್ಮ ಅಂಗಿಯ ತೋಳು ತೋರಿಸಿದರು.

"ನೋಡು, ನಿನ್ನ ಟ್ಯಾಂಕ್ ಎತ್ತುವಾಗ ಎಂತದೋ ಕಂದು ಅಂಟು ಹತ್ತಿತ್ತು. ಮನೆಯಲ್ಲಿ ಹಬೀಬಾ ಬೈದದ್ದೇ ಬೈದದ್ದು. ಸಾಬೂನು ಹಾಕಿದ್ಳು, ಬೂದಿ ಹಾಕಿದ್ಳು, ಹೋಗಲಿಲ್ಲ. ಕಡೆಗೆ ನಾನು ಸ್ವಲ್ಪ ಪೆಟ್ರೋಲ್ ಹಾಕಿ ಒರೆಸಿದೆ. ಹೋಯ್ತು ನೋಡು, ಗುರುತೇ ಇಲ್ಲ!"

ಹತ್ತೂಕಾಲಕ್ಕೆ ದೂಮಪ್ಪ ಪ್ರಯೋಗಶಾಲೆಗೆ ಬಂದರು. ಕೈಯಲ್ಲಿ ಬಾಳೆ ಎಲೆಯ ಚೂರಿನಲ್ಲಿ ಸುತ್ತಿದ ಮೇಣ.

"ಮಾಷ್ಟ್ರೆ, ಇದು ಪೆಟ್ರೋಲಿನಲ್ಲಿ ಕರಗ್ತದಾ?"

ನಾನು ಒಂದು ಚೂರನ್ನು ಪರೀಕ್ಷಾ ನಳಿಕೆಗೆ ಹಾಕಿ ಪೆಟ್ರೋಲ್ ಸುರಿದೆ. ಎರಡು ನಿಮಿಷಕ್ಕೆ ಅಂಚು ಮೆತ್ತಗಾಯಿತು. ಹತ್ತು ನಿಮಿಷಕ್ಕೆ ನಳಿಕೆಯಲ್ಲಿ ಹಳದಿ ನೀರು ಮಾತ್ರ ಇತ್ತು.

"ಎಂತಕ್ಕೆ ಬೇಕಿತ್ತು?" ಎಂದು ಕೇಳಿದೆ.

"ಏನಿಲ್ಲ. ಅಣ್ಣನ ದೋಣಿಗೆ," ಎಂದರು.

ದೋಣಿಗೂ ಪೆಟ್ರೋಲಿಗೂ ಏನು ಸಂಬಂಧ ಎಂದು ನಾನು ಮತ್ತೆ ಕೇಳಬೇಕಿತ್ತು. ತರಗತಿಗೆ ಹೊತ್ತಾಗಿತ್ತು, ಕೇಳಲಿಲ್ಲ. ಅವರು ಹೊರಗೆ ಹೋದಾಗ ಗೋಡೆ ಗಡಿಯಾರದಲ್ಲಿ ಹತ್ತು ನಲವತ್ತು. ತಂತಿ ಕಚೇರಿ ಅಲ್ಲಿಂದ ಹದಿನೈದು ನಿಮಿಷದ ನಡಿಗೆ.

ಅವರು ಮತ್ತೆ ಬಂದದ್ದು ಮೂರು ಗಂಟೆ ಹತ್ತು ನಿಮಿಷಕ್ಕೆ. ಹೊಸ ಶಾಲು. ಹೆಗಲ ಮೇಲೆ ಸೇವಂತಿಗೆಯ ಎರಡು ದಳ. ಉಸಿರು ಏರಿತ್ತು.

"ಮಾಷ್ಟ್ರೆ, ಇಂಗ್ಲಿಷಿನಲ್ಲಿ ಒಂದು ತಂತಿ ಬರೆದು ಕೊಡಿ. ಮುಂದಿನ ಟ್ಯಾಂಕಿಗೆ ಪೆಟ್ರೋಲ್ ತುಂಬಿಸಬೇಡಿ. ಬಲಗಡೆಯ ಹಿಂದಿನ ಮೂಲೆ ಸೋರ್ತದೆ. ತಪ್ಪು ನನ್ನದು."

ನನಗೆ ಆಗ ಎಲ್ಲ ಅರ್ಥವಾಯಿತು. ಆ ವಿಮಾನದಲ್ಲಿ ಎಂಜಿನಿನ ಬಿಸಿ ಹೊಗೆಕೊಳವೆ ಮುಂದಿನ ಸೀಟಿನ ಪಕ್ಕದಲ್ಲೇ ಹಾದುಹೋಗುತ್ತದೆ. ತೊಟ್ಟಿಕ್ಕಿದ ಪೆಟ್ರೋಲಿನ ಆವಿ ಅಲ್ಲಿಗೆ ತಲುಪಿದರೆ, ಕೆಳಗೆ ಕಡಲು, ಇಳಿಯಲು ಜಾಗವಿಲ್ಲ.

"ಹತ್ತೂವರೆಗೇ ಗೊತ್ತಾಗಿತ್ತಲ್ಲ. ಇಷ್ಟು ಹೊತ್ತು ಎಲ್ಲಿದ್ದಿರಿ?"

"ಕುರ್ಚಿಯಲ್ಲಿ ಕೂತಿದ್ದೆ," ಎಂದರು.

ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು. ತಂತಿ ಕಚೇರಿಯ ಮೆಟ್ಟಿಲವರೆಗೆ ಹೋಗಿದ್ದರು. ಅಲ್ಲಿನ ಗುಮಾಸ್ತ ಬೋಳಾರದವನು. ಸುದ್ದಿ ತಮಗಿಂತ ಮೊದಲು ಸಭೆಗೆ ಮುಟ್ಟುತ್ತದೆ ಎಂದು ಅನ್ನಿಸಿತು. ಹಾರ ಹಾಕಿಸಿಕೊಂಡು ಬಂದು ಕಳಿಸಿದರಾಯಿತು ಎಂದು ತಿರುಗಿದರು. ಭಾಷಣ ಉದ್ದವಾಯಿತು, ಸಭೆ ಮುಗಿಯುವಾಗ ಮೂರು ಗಂಟೆಯ ಹತ್ತಿರ. ಹನ್ನೆರಡು ಹೊಡೆಯುವಾಗ ಗಿರಿಯಪ್ಪ, "ಇವನನ್ನು ದಡದ ಜೀವ ಅಂತ ಹೇಳಿದ ಮೊದಲಿಗರಲ್ಲಿ ನಾನೂ ಒಬ್ಬ, ತಪ್ಪಾಯಿತು," ಎಂದು ಎಲ್ಲರ ಎದುರು ಕೈಮುಗಿದರಂತೆ. "ಆಗ ಹೇಗೆ ಏಳುವುದು ಮಾಷ್ಟ್ರೆ? ಹನ್ನೆರಡು ಎಣಿಸಿದೆ. ಒಂದೊಂದೂ ಎಣಿಸಿದೆ."

ನಾನು ತಂತಿ ಬರೆದೆ. ಕೊನೆಯ ವಾಕ್ಯ ಬೇಡ, ವಿಷಯ ತಿಳಿದರೆ ಸಾಕು ಎಂದೆ. "ಅದು ಇರಲಿ," ಎಂದರು. ಇಬ್ಬರೂ ಹೋಗಿ ಕೊಚ್ಚಿಯ ಪೆಟ್ರೋಲ್ ಏಜೆಂಟರ ವಿಳಾಸಕ್ಕೆ ಕಳುಹಿಸಿದೆವು. ಗುಮಾಸ್ತ ಓದಿ ತಲೆ ಎತ್ತಿ ನೋಡಿದ. ದೂಮಪ್ಪ ಕಣ್ಣು ತಪ್ಪಿಸಲಿಲ್ಲ. ಆ ದಿನ ಅವರು ಮಾಡಿದ ಕಷ್ಟದ ಕೆಲಸ ಅದು ಎಂದು ನನಗೆ ಅನ್ನಿಸುತ್ತದೆ. ಆದರೆ ವಿಮಾನ ಕಡಲ ಮೇಲೆ ಹೊರಟು ಆಗಲೇ ಮೂರು ಗಂಟೆ ಕಳೆದಿರಬೇಕಾದ ಹೊತ್ತು ಅದು.

ಉತ್ತರ ಮರುದಿನ ಹತ್ತಕ್ಕೆ ಬಂತು. ಕೊಚ್ಚಿಯಲ್ಲಿ ಹನ್ನೊಂದೂವರೆಗೆ ಜೋರು ಮಳೆ ಹಿಡಿದು, ಕಾಂಗಾ ಹೊರಡದೆ ಉಳಿದಿದ್ದ. ಟ್ಯಾಂಕನ್ನು ಇನ್ನೂ ತುಂಬಿಸಿರಲಿಲ್ಲ. ತಂತಿ ಓದಿ, ಮೂಲೆಯ ಮೇಣ ಕೆರೆದು, ಅಲ್ಲೇ ಬೆಸೆಯಿಸಿದ. ಮೂರು ದಿನಗಳ ನಂತರ ಕೊಲಂಬೊ ತಲುಪಿದ. ಅಲ್ಲಿಂದ ಒಂದು ಪತ್ರ ಬಂತು. ನಾನೇ ಓದಿ ಹೇಳಿದೆ: "ನಿಮ್ಮ ಪ್ರಾಮಾಣಿಕತೆಯಿಂದ ನನ್ನ ಜೀವ ಉಳಿಯಿತು."

ದೂಮಪ್ಪ, "ಮಳೆಯಿಂದ ಅಂತ ಬರೀಬೇಕಿತ್ತು," ಎಂದು ಪತ್ರ ಮಡಚಿದರು.

ಮರುದಿನ ಅವರ ಮೇಲ್ದುಟಿ ಬೋಳಾಗಿತ್ತು. ಹೆಂಡತಿ ಅಕ್ಕು ಗಾಬರಿಯಾಗಿ ಕೇಳಿದರೆ, "ಒಲೆಯ ಕಿಡಿ ಹಾರಿತು" ಎಂದರಂತೆ. ಗಿರಿಯಪ್ಪ ಪತ್ರಕ್ಕೆ ಚೌಕಟ್ಟು ಹಾಕಿಸಿ ಸಭೆಯಲ್ಲಿ ತೂಗುಹಾಕಲು ಕೇಳಿದರು, ಕೊಡಲಿಲ್ಲ. ಗುಮಾಸ್ತನ ಬಾಯಿಂದ ಸೋರಿಕೆಯ ಸುದ್ದಿ ಕೇರಿಗೆ ಬಂದರೂ, ಸತ್ಯವಂತ ಎಂದು ಅವರ ಹೆಸರು ಇನ್ನಷ್ಟು ಏರಿತು. ಸೋರಿದ್ದು ಎಲ್ಲರಿಗೂ ಗೊತ್ತಿತ್ತು. ನಾಲ್ಕೂವರೆ ಗಂಟೆ ತಡಮಾಡಿದ ಸಂಗತಿ ನನಗೂ ಉಮರಬ್ಬನವರಿಗೂ ಮಾತ್ರ. ಅಂದಿನಿಂದ ಅವರ ಪರೀಕ್ಷೆಯ ಕ್ರಮ ಬದಲಾಯಿತು: ಚಿಮಿಣಿ ಎಣ್ಣೆಯ ಡಬ್ಬಿಗೆ ಚಿಮಿಣಿ ಎಣ್ಣೆ, ತೆಂಗಿನೆಣ್ಣೆಯ ಡಬ್ಬಿಗೆ ತೆಂಗಿನೆಣ್ಣೆ. ಪಾತ್ರೆ ಏನನ್ನು ಹಿಡಿಯಬೇಕೋ ಅದನ್ನೇ ತುಂಬಿ ನೋಡುತ್ತಿದ್ದರು.

1941ರಲ್ಲಿ ಮಗಳು ಸ್ವರ್ಣಲತಾಳ ಮದುವೆ. ಗಂಡಿನ ಕಡೆಯ ಹಿರಿಯರು ಹಾರ ಹಿಡಿದು ಬಂದಾಗ ದೂಮಪ್ಪ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹಾರವನ್ನು ಕೈಗೆ ತೆಗೆದುಕೊಂಡು, ಪಕ್ಕದಲ್ಲಿದ್ದ ಉಮರಬ್ಬನವರ ಕೊರಳಿಗೆ ಹಾಕಿದರು.

"ಇದೆಂತ ದೂಮಣ್ಣ, ಮದುಮಗಳ ಅಪ್ಪ ನಾನಾ?"

"ನಿನಗಲ್ಲ ಬ್ಯಾರಿ, ನಿನ್ನ ಅಂಗಿಗೆ. ನನಗಿಂತ ಮೊದಲು ಸತ್ಯ ಹೇಳಿದ್ದು ಅದು."

ಚಪ್ಪರವೆಲ್ಲ ನಕ್ಕಿತು. ಉಮರಬ್ಬ ನಗಲಿಲ್ಲ, ಹಾರ ತೆಗೆಯಲೂ ಇಲ್ಲ. ದೂಮಪ್ಪ ಬೋಳು ಮೇಲ್ದುಟಿಯನ್ನೊಮ್ಮೆ ಒರೆಸಿಕೊಂಡು, ಎಲೆ ಹಾಕಿದ್ದಾರೆ, ಊಟಕ್ಕೆ ಏಳಿ ಎಂದು ಜನರನ್ನು ಕರೆಯಲು ಹೋದರು.