ಬೈಕಿನ ಓಡಾಟದ ಪುಸ್ತಕ

ಮೊನ್ನೆ ಹಳೆ ಬೈಕನ್ನು ಗುಜರಿಗೆ ಕೊಡುವ ಮುಂಚೆ ಅದರ ಸೈಡ್ ಬಾಕ್ಸ್ ತೆರೆದೆ. ಗ್ರೀಸು, ಪೆಟ್ರೋಲು, ತುಕ್ಕು ಸೇರಿದ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಸ್ಪ್ಯಾನರುಗಳ ಅಡಿಯಲ್ಲಿ, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕತ್ತರಿಸಿ ಹೊಲಿದ ಒಂದು ಕವರು. ಒಳಗೆ ಏನಿದೆ ಎಂದು ನೋಡಬೇಕಾಗಿರಲಿಲ್ಲ. ಇಷ್ಟು ವರ್ಷವೂ ಗೊತ್ತಿತ್ತು...

ನಾನು ಪಂಪು ರಿಪೇರಿಯವನು. ಸುಳ್ಯ, ಕಡಬ, ಪುತ್ತೂರು ಎಂದು ದಿನವಿಡೀ ಬೈಕಿನ ಮೇಲೆಯೇ ಇದ್ದವನು. ಪಂಪಿನ ಕಂಪನಿಯವರು ನನ್ನ ಸರ್ವಿಸ್ ಬಿಲ್ಲಿನಲ್ಲಿ ತೆರಿಗೆ ಹಿಡಿದುಕೊಳ್ಳುತ್ತಿದ್ದರು. ಅದು ವಾಪಸು ಬರಬೇಕಾದರೆ ಕಡಬದ ಮಾಸ್ಟ್ರ ಹತ್ತಿರ ಹೋಗು ಎಂದರು ಯಾರೋ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಟೈಲರ್ ಅಂಗಡಿಯ ಜಗಲಿಯಲ್ಲಿ ಮೇಜು ಹಾಕಿಕೊಂಡು ವ್ಯಾಪಾರಿಗಳ ತೆರಿಗೆ ರಿಟರ್ನ್ ತುಂಬಿಕೊಡುತ್ತಿದ್ದರು.

"ಬೈಕ್ ಉಂಟಾ?" ಎಂಬುದೇ ಅವರ ಮೊದಲ ಪ್ರಶ್ನೆ. ಎಲ್ಲಿಗೋ ಬಿಡಲಿಕ್ಕೆ ಹೇಳುತ್ತಾರೇನೋ ಎಂದುಕೊಂಡೆ.

"ನಿನ್ನ ಅಂಗಡಿಯೇ ಅದು ಮಾರಾಯ. ಪೆಟ್ರೋಲು, ರಿಪೇರಿ, ಸವಕಳಿ ಎಲ್ಲ ಖರ್ಚಿಗೆ ಹಾಕ್ಲಿಕ್ಕೆ ಆಗ್ತದೆ. ಆದ್ರೆ ಕೆಲಸಕ್ಕೆ ಓಡಿದಷ್ಟೇ. ಸ್ವಂತಕ್ಕೆ ಓಡಿದ್ದು ಬೇಡ."

ಒಂದು ಉದ್ದ ಪುಸ್ತಕದಲ್ಲಿ ಗೆರೆ ಎಳೆದು ಕೊಟ್ಟರು. ಎಲ್ಲಿಗೆ, ಯಾರ ಮನೆಗೆ, ಎಷ್ಟು ಕಿಲೋಮೀಟರು, ಕೆಲಸವಾ ಸ್ವಂತವಾ. ನಮ್ಮ ಮಳೆಗೆ ಪುಸ್ತಕ ಉಳಿಯುವುದಿಲ್ಲವೆಂದು ಕವರನ್ನೂ ಅವರೇ ಟೈಲರನ ಮೆಷಿನ್ನಿನಲ್ಲಿ ಹೊಲಿಸಿದರು. ಹೊಲಿಗೆಯ ತೂತುಗಳಿಗೆ ಕ್ಯಾಂಡಲಿನ ಮೇಣ ಬಿಟ್ಟು, ಬೆರಳಿನಿಂದ ಒತ್ತಿ ಒತ್ತಿ ಮುಚ್ಚಿದರು. ಇಷ್ಟೆಲ್ಲ ಒಬ್ಬ ಪಂಪಿನವನಿಗೆ! ನನ್ನ ಸ್ವಂತ ಅಣ್ಣ ಇಷ್ಟು ಮಾಡಿದವನಲ್ಲ.

ತಿಂಗಳಿಗೊಮ್ಮೆ ಕೆಂಪು ಪೆನ್ಸಿಲು ಹಿಡಿದು ಪುಸ್ತಕ ನೋಡುತ್ತಿದ್ದರು. ಆನೆ ತುಳಿದ ಪೈಪು ಸರಿಮಾಡಲು ಗುತ್ತಿಗಾರಿಗೆ ಹೋದದ್ದಕ್ಕೆ ತಕರಾರಿರಲಿಲ್ಲ. ಆದರೆ ನನ್ನ ಹೆಂಡತಿಯ ತವರೂ ಗುತ್ತಿಗಾರೇ. ಭಾನುವಾರದ ಆ ಸವಾರಿಗಳನ್ನೂ ನಾನು ಕೆಲಸ ಎಂದೇ ಬರೆಯುತ್ತಿದ್ದೆ.

"ಮಾವನ ಪಂಪು ನೋಡಿಯೇ ಬರುದಲ್ವಾ ಮಾಸ್ಟ್ರೆ?"

"ನೋಡಿ ಬಿಲ್ಲು ಕೊಟ್ಟೆಯಾ? ಕೋಳಿ ಸಾರು ಉಂಡು ಬಂದದ್ದು ಕೆಲಸ ಹೇಗೆ ಆಗ್ತದೆ?" ಎಂದು ನಗುತ್ತಾ ಅಡ್ಡಗೆರೆ ಎಳೆದುಬಿಡುತ್ತಿದ್ದರು.

ಎರಡು ವರ್ಷ ನಾನೂ ನಕ್ಕೆ. ಮೂರನೆಯ ವರ್ಷ ಬೈಕಿನ ಇಂಜಿನ್ ಕೆಲಸ ಮಾಡಿಸಿ ಕೈ ಸುಟ್ಟುಕೊಂಡಿದ್ದೆ. ಖರ್ಚು ಪೂರ್ತಿ ಹಾಕಿ ಎಂದೆ, ಅವರು ಒಪ್ಪಲಿಲ್ಲ. ತಲೆ ಕೆಟ್ಟಿತು. "ಬಸ್ಸಲ್ಲಿ ಹೋಗುವವರಿಗೆ ಬೈಕಿನ ಖರ್ಚು ಎಂತ ಗೊತ್ತು? ಪುಸ್ತಕ ಕೊಡಿ ಇಲ್ಲಿ!" ಎಂದು ಟೈಲರನ ಎದುರೇ ಕೂಗಿದೆ. ಅವರು "ನಿಲ್ಲು" ಎಂದು ಪುಸ್ತಕದಲ್ಲಿ ಒಂದು ಸಾಲು ಬರೆದು, ತಾರೀಕು ಸಮೇತ ಸಹಿ ಹಾಕಿ, ಕವರಿಗೆ ತುಂಬಿಸಿ ಕೊಟ್ಟರು. ಮನೆಗೆ ಬಂದು ಓದಿದೆ. "ಇಲ್ಲಿಯವರೆಗೆ ಮಾತ್ರ ನಾನು ನೋಡಿದ್ದು."

ಹೆಂಡತಿಯ ಅಣ್ಣ ಸುಳ್ಯದಲ್ಲಿ ಆಗಷ್ಟೇ ಕಂಪ್ಯೂಟರ್ ಅಂಗಡಿ ಹಾಕಿದ್ದ. "ಇದನ್ನೆಲ್ಲ ಯಾರು ನೋಡ್ತಾರೆ ಭಾವ, ಪೂರ್ತಿ ಹಾಕುವ" ಎಂದ. ಹಾಕಿದ. ಮರುವರ್ಷವೂ ಹಾಕಿದ. ಆಮೇಲೆ ತೆರಿಗೆ ಕಚೇರಿಯಿಂದ ಕಾಗದ ಬಂತು. ವಾಹನದ ಖರ್ಚು ಇಷ್ಟು ಹೇಗಾಯಿತು, ವಿವರ ಕೊಡಿ ಎಂದು.

ಹೆಂಡತಿಯ ಅಣ್ಣ ಓಡಿಬಂದ. "ನನ್ನ ಹೆಸರು ಮಾತ್ರ ಹೇಳ್ಬೇಡಿ ಭಾವ, ಅಂಗಡಿ ಮುಚ್ಚಿಹೋಗ್ತದೆ" ಎಂದು ಗೋಗರೆದ. ಹೆಂಡತಿ ನನ್ನನ್ನೇ ನೋಡುತ್ತಾ ನಿಂತಳು. ಹಿಂದಿನ ಕಾಗದಗಳಲ್ಲೆಲ್ಲ ಮಾಸ್ಟ್ರ ಹೆಸರು ಹೇಗೂ ಇತ್ತು. ನನಗೇನೂ ತಿಳಿಯದು, ಎಲ್ಲ ಮಾಸ್ಟ್ರೇ ಬರೆದದ್ದು, ತೋರಿಸಿದಲ್ಲಿ ಸಹಿ ಹಾಕಿದ್ದೇನೆ ಎಂದು ಉತ್ತರ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ.

ಕಚೇರಿಯವರು ಮಾಸ್ಟ್ರನ್ನು ಕರೆಸಿದರು. ಹೋಗುವ ಮೊದಲು ಅವರು ನಮ್ಮ ಮನೆಗೆ ಬಂದರು. ಬಸ್ಸಿಳಿದು, ಕೊಡೆ ಹಿಡಿದು, ಏರು ಹತ್ತಿ ನಡೆದುಕೊಂಡು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಆ ಪುಸ್ತಕ ಒಮ್ಮೆ ಕೊಡು. ನನ್ನ ಸಹಿ ಉಂಟಲ್ಲ ಅದರಲ್ಲಿ, ತೋರಿಸಿದ್ರೆ ಸಾಕು. ಮತ್ತೆ ತಂದು ಕೊಡ್ತೇನೆ."

ಬೈಕು ಅಂಗಳದಲ್ಲೇ ಇತ್ತು. ಅವರು ಕುಳಿತ ಕುರ್ಚಿಯಿಂದ ನಾಲ್ಕು ಹೆಜ್ಜೆ. ಪುಸ್ತಕ ಅದರ ಬಾಕ್ಸಿನಲ್ಲಿತ್ತು.

"ಅದು ಮಳೆಗೆ ಒದ್ದೆಯಾಗಿ ಹಾಳಾಯ್ತು ಮಾಸ್ಟ್ರೆ" ಎಂದೆ.

ಅವರು ಬೈಕಿನ ಕಡೆ ನೋಡಿದರು. "ಹೌದಾ... ಆ ಕವರಿಗೂ ನೀರು ಹೋಯ್ತಾ?" ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಚಹಾ ಅರ್ಧಕ್ಕೆ ಬಿಟ್ಟು, ಕೊಡೆ ಬಿಡಿಸಿಕೊಂಡು ಹೊರಟುಹೋದರು.

ಕಚೇರಿಯಲ್ಲಿ ಅವರಿಗೆ ದೊಡ್ಡ ಶಿಕ್ಷೆಯೇನೂ ಆಗಲಿಲ್ಲ. ನಾನು ದಂಡ ಕಟ್ಟಿ ಪಾರಾದೆ. ಊರು ಮಾತ್ರ ಬಿಡಲಿಲ್ಲ. ಮಾಸ್ಟ್ರು ಸುಳ್ಳು ಲೆಕ್ಕ ಬರೆಯುತ್ತಾರಂತೆ ಎಂದು ರಬ್ಬರಿನವರು, ಅಡಿಕೆಯವರು ಒಬ್ಬೊಬ್ಬರಾಗಿ ಬಂದು ಕಾಗದದ ಕಟ್ಟು ಎತ್ತಿಕೊಂಡು ಹೋದರು. ಥೂ, ಅವರನ್ನು ಬೈಯಲಿಕ್ಕೆ ನನಗೆ ಯಾವ ಬಾಯಿ ಉಂಟು? ಒಂದು ದಿನ ನೋಡಿದರೆ ಜಗಲಿಯಲ್ಲಿ ಮೇಜಿರಲಿಲ್ಲ. ಆಮೇಲೆ ಆ ಟೈಲರ್ ಅಂಗಡಿ ಬಂದಾಗಲೆಲ್ಲ ನಾನು ಗೇರು ಬದಲಿಸಿ ಜೋರಾಗಿ ಹೋಗುತ್ತಿದ್ದೆ.

ಮಾಸ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ಗುಂಡ್ಯದಲ್ಲಿ ಒಂದು ಪಂಪಿನ ಕೆಲಸವಿತ್ತು. ನಾಳೆ ಮಾಡಿದರೂ ನಡೆಯುತ್ತಿತ್ತು. ಅಂದೇ ಹೋದೆ. ಕಡಬದ ಕಡೆ ಬೈಕು ತಿರುಗಿಸುವ ಧೈರ್ಯ ಬರಲಿಲ್ಲ. ಹೆಂಡತಿಯ ಅಣ್ಣನ ಅಂಗಡಿಗೆ ಈಗ ಲೈಟಿನ ಬೋರ್ಡು ಬಂದಿದೆ.

ಗುಜರಿಯವನು ಬೈಕನ್ನು ಟೆಂಪೋಗೆ ಏರಿಸಿ, ನನ್ನ ಕೈಯಲ್ಲಿದ್ದದ್ದನ್ನು ನೋಡಿದ. "ಅದನ್ನೂ ಹಾಕಿ ಮಾರಾಯ್ರೆ, ಕಾಗದಕ್ಕೂ ರೇಟು ಉಂಟು" ಎಂದ. ಇಲ್ಲ ಎಂದೆ.

ಅವನು ಹೋದ ಮೇಲೆ ಅಂದು ಮಾಸ್ಟ್ರು ಕುಳಿತಿದ್ದ ಅದೇ ಕುರ್ಚಿಯಲ್ಲಿ ಕುಳಿತು ಕವರು ಬಿಚ್ಚಿದೆ. ಗುತ್ತಿಗಾರಿನ ಭಾನುವಾರಗಳ ಮೇಲೆ ಕೆಂಪು ಗೆರೆಗಳು. ಕೊನೆಗೆ ಆ ಒಂದು ಸಾಲು, ಕೆಳಗೆ ಸಹಿ. ಇಷ್ಟು ಮಳೆಗಾಲ ಕಳೆದರೂ ಒಂದಕ್ಷರ ಕದಡಿಲ್ಲ.

ನೀರು ಹೋಗಿರಲಿಲ್ಲ ಮಾಸ್ಟ್ರೆ. ಒಂದು ಹನಿಯೂ ಹೋಗಿರಲಿಲ್ಲ.